ಗೇರುಬೀಜ ಮತ್ತು ತೆರೆದ ಮಾರುಕಟ್ಟೆ

ಕೇಳುಗರಿಗೆ ನಮಸ್ಕಾರ.

ಎಲ್ಲವನ್ನೂ ಮಾರುಕಟ್ಟೆಗೆ ಬಿಟ್ಟರೆ ದೇಶ ಬೆಳೆಯುತ್ತದಾ? ಅರ್ಥಶಾಸ್ತ್ರದವರು ಇದಕ್ಕೆ ನೂರಾರು ದೇಶಗಳ ಲೆಕ್ಕ ಹಾಕಿ ಜಗಳವಾಡುತ್ತಾರೆ. ಮಂಗಳೂರಿನವರಾದ ನಮಗೆ ಗೇರುಬೀಜದ ಲೆಕ್ಕ ಸಾಕು.

ನಮ್ಮ ಕರಾವಳಿಯ ಗೇರು ಫ್ಯಾಕ್ಟರಿಗಳಿಗೆ ಇಲ್ಲಿಯ ಗುಡ್ಡದ ಬೀಜ ಸಾಲುವುದಿಲ್ಲ. ಕಚ್ಚಾ ಬೀಜ ಆಫ್ರಿಕಾದಿಂದ ಹಡಗಿನಲ್ಲಿ ಬರಬೇಕು. ಅದನ್ನು ಬೇಯಿಸಿ, ಒಡೆದು, ಸಿಪ್ಪೆ ತೆಗೆಯುವ ಕೆಲಸದಲ್ಲಿ ಹೆಂಗಸರೇ ಜಾಸ್ತಿ. ಆ ಕೂಲಿಯಲ್ಲಿ ಎಷ್ಟು ಮನೆಗಳು ನಡೆದಿವೆ ಎಂದು ಉಡುಪಿ, ಕಾರ್ಕಳದ ಕಡೆಯವರಿಗೆ ಹೇಳಬೇಕಾಗಿಲ್ಲ.

ಬೀಜ ಕಳಿಸುವ ಕಡೆ ಏನಾಯಿತು? 1970ರ ಸುಮಾರಿಗೆ ಮೊಜಾಂಬಿಕ್ ಗೇರಿನಲ್ಲಿ ಜಗತ್ತಿಗೇ ಮುಂದಿತ್ತು. ಆಮೇಲೆ ಅಂತರ್ಯುದ್ಧ, 1992ರವರೆಗೆ. ಯುದ್ಧ ಮುಗಿದಾಗ ಕೈ ಖಾಲಿ, ಸಾಲ ಬೇಕು. ಕಚ್ಚಾ ಬೀಜದ ರಫ್ತು ತೆರಿಗೆ ಇಳಿಸಿ, ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎಂದಿತು ವಿಶ್ವಬ್ಯಾಂಕ್. ಕಾಗದದ ಮೇಲೆ ಸರಿಯೇ. 1995ರಿಂದ ತೆರಿಗೆ ಇಳಿಯಿತು, ಬೀಜ ಭಾರತದ ಹಡಗು ಹತ್ತಿತು. ಅಲ್ಲಿಯ ಫ್ಯಾಕ್ಟರಿಗಳು ಒಂದೊಂದಾಗಿ ಮುಚ್ಚಿದವು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಹೋಗಲಿ, ರೈತನಿಗಾದರೂ ಸಿಕ್ಕಿತಾ? ಅರ್ಥಶಾಸ್ತ್ರಜ್ಞ ಡಾನಿ ರಾಡ್ರಿಕ್ ಮತ್ತು ಜೊತೆಗಾರರು ಲೆಕ್ಕ ಹಾಕಿದರು. ಗೇರು ಬೆಳೆಯುವ ಒಂದು ಮನೆಗೆ ವರ್ಷಕ್ಕೆ ಸುಮಾರು 5 ಡಾಲರ್. ಅಷ್ಟೇ ಮಾರಾಯ್ರೆ! ಹಳ್ಳಿಗೆ ರಸ್ತೆ ಸರಿಯಿಲ್ಲ, ಕೊಳ್ಳುವ ವ್ಯಾಪಾರಿಗಳು ಬೆರಳೆಣಿಕೆ. ಬೆಲೆ ಏರಿದರೂ ಅದು ನಡುದಾರಿಯಲ್ಲೇ ಉಳಿಯುತ್ತದೆ, ಅಲ್ವಾ?

ಇದನ್ನೇ ಹಿಡಿದುಕೊಂಡು ಮುಕ್ತ ಮಾರುಕಟ್ಟೆಯೇ ಕೆಟ್ಟದ್ದು ಎನ್ನುವವರು ವಿಯೆಟ್ನಾಂ ಕಡೆಗೂ ನೋಡಬೇಕು. 1986ರಲ್ಲಿ ಅಲ್ಲಿ ಮಾರುಕಟ್ಟೆಗೆ ಬಾಗಿಲು ತೆರೆಯುವ 'ದೋಯ್ ಮೋಯ್' ಸುಧಾರಣೆ ಶುರುವಾಯಿತು. 1988ರಲ್ಲಿ ಸಾಮೂಹಿಕ ಬೇಸಾಯದ ಜಮೀನು ಕುಟುಂಬಗಳ ಕೈಗೆ ಬಂತು. ಅಕ್ಕಿ ಹೊರಗಿನಿಂದ ತರಿಸಿಕೊಳ್ಳುತ್ತಿದ್ದ ದೇಶ 1989ರಲ್ಲಿ ಹತ್ತು ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ರಫ್ತು ಮಾಡಿತು. ಗೇರು ತಿರುಳಿನ ರಫ್ತಿನಲ್ಲೂ 2000ರ ದಶಕದಲ್ಲಿ ನಮ್ಮನ್ನೇ ಹಿಂದೆ ಹಾಕಿತು. ಅವರದೂ ಆಫ್ರಿಕಾದ ಬೀಜವೇ ಬಹುಪಾಲು. ಒಡೆಯುವುದಕ್ಕೆ ಯಂತ್ರ ಬಂತು, ಖರ್ಚು ಇಳಿಯಿತು. ಆದರೆ ಅಲ್ಲಿ ಸರ್ಕಾರ ಸುಮ್ನೆ ಕೈಕಟ್ಟಿ ಕೂತಿರಲಿಲ್ಲ. ಬ್ಯಾಂಕುಗಳನ್ನು ಹಿಡಿತದಲ್ಲೇ ಇಟ್ಟುಕೊಂಡಿತು. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ್ದು 2007ರಲ್ಲಿ, ಅಂದರೆ ಇಪ್ಪತ್ತು ವರ್ಷ ಆದ ಮೇಲೆ.

ಹಾಗಾಗಿ ಎಷ್ಟು ತೆರೆದರು ಎನ್ನುವುದಕ್ಕಿಂತ ಯಾವುದನ್ನು ಮೊದಲು ತೆರೆದರು, ಆಗ ರೈತನ ಕೈಯಲ್ಲಿ ಏನಿತ್ತು ಎಂದು ನಾನು ಮೊದಲು ಕೇಳುತ್ತೇನೆ. ವಿಯೆಟ್ನಾಂ ರೈತನಿಗೆ ಮೊದಲು ಜಮೀನು ಸಿಕ್ಕಿತು. ಮೊಜಾಂಬಿಕ್‌ನಲ್ಲಿ ಮೊದಲು ಹೋದದ್ದು ಫ್ಯಾಕ್ಟರಿಯ ಬೀಜ.

ಪಶ್ಚಿಮ ಆಫ್ರಿಕಾದ ಬೆನಿನ್ ದೇಶ 2024ರ ಏಪ್ರಿಲ್‌ನಿಂದ ಕಚ್ಚಾ ಗೇರುಬೀಜದ ರಫ್ತನ್ನೇ ನಿಲ್ಲಿಸುವ ತೀರ್ಮಾನ ಮಾಡಿತು. ತಮ್ಮ ಬೀಜವನ್ನು ತಮ್ಮಲ್ಲೇ ಒಡೆಯಬೇಕು ಎಂಬ ಆಸೆ. ನಮ್ಮ ಫ್ಯಾಕ್ಟರಿಯವರಿಗೆ ಇದು ಕಿರಿಕಿರಿಯೇ. ಆದರೂ ಅವರದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾವೂ ಅವರ ಜಾಗದಲ್ಲಿದ್ದರೆ ಅದನ್ನೇ ಕೇಳುತ್ತಿದ್ದೆವು.

ನಮಸ್ಕಾರ.