ಹಳೆಯ ಮೆಟಲ್ ಡಿಟೆಕ್ಟರ್: ಮೊದಲು ಕಾಯಿಲ್ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ರೇಡಿಯೋ, ಟಿವಿ ರಿಪೇರಿ ಮಾಡುವವರು, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳು, ನಿವೃತ್ತಿಯ ನಂತರವೂ ಸೋಲ್ಡರಿಂಗ್ ಐರನ್ ಬಿಡದ ಹಿರಿಯರು, ನಿಮ್ಮನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತನಾಡುತ್ತಿದ್ದೇನೆ. ವಿಷಯ, ಹಳೆಯ ಮೆಟಲ್ ಡಿಟೆಕ್ಟರ್‌ಗಳು. ಅಂದರೆ 1970, 80ರ ದಶಕದವು. ಕಂಪ್ಯೂಟರ್ ಚಿಪ್ ಇಲ್ಲ, ಪರದೆ ಇಲ್ಲ. ಒಂದು ಕೋಲು, ತುದಿಯಲ್ಲಿ ತಟ್ಟೆಯಂಥ ಕಾಯಿಲ್ (ತಂತಿಯ ಸುರುಳಿ), ಮೇಲೆ ಎರಡು ಮೂರು ನಾಬ್ ಇರುವ ಪೆಟ್ಟಿಗೆ, ಅಷ್ಟೇ.

ಇಂಥದ್ದು ಗುಜರಿಯಲ್ಲೋ, ಯಾರದೋ ಅಟ್ಟದ ಮೇಲೋ ಸಿಕ್ಕ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಸರ್, 9 ವೋಲ್ಟ್ ಬದಲು 18 ವೋಲ್ಟ್ ಕೊಟ್ಟರೆ ಇನ್ನೂ ಆಳಕ್ಕೆ ಹೋಗುತ್ತಾ?"

ಹೋಗುವುದಿಲ್ಲ. ದಯವಿಟ್ಟು ಕೊಡಬೇಡಿ. ಮೊದಲು ಕಾಯಿಲ್ ನೋಡಿ.

ಯಾಕೆ ಅಂತ ಹೇಳುತ್ತೇನೆ. ಕಾಯಿಲ್‌ನಿಂದ ಹೊರಟ ಕಾಂತಕ್ಷೇತ್ರ ನೆಲದೊಳಗಿನ ನಾಣ್ಯ ಮುಟ್ಟುವಷ್ಟರಲ್ಲಿ ಬಹಳ ಸೊರಗಿರುತ್ತದೆ. ನಾಣ್ಯದಿಂದ ವಾಪಸ್ ಬರುವಾಗ ಮತ್ತೆ ಅಷ್ಟೇ ಸೊರಗುತ್ತದೆ. ಹೋಗುವಾಗ ದೂರದ ಘನದ ಲೆಕ್ಕ, ಬರುವಾಗ ಇನ್ನೊಂದು ಘನ. ಎರಡೂ ಸೇರಿ ಆರನೇ ಘಾತ. ಹಾಗಾಗಿ 6 ಇಂಚು ಆಳದಲ್ಲಿ ಕೇಳಿಸುವ ನಾಣ್ಯವನ್ನು 12 ಇಂಚಿನಲ್ಲಿ ಕೇಳಿಸಬೇಕು ಅಂದರೆ ಕಾಯಿಲ್‌ನ ಕರೆಂಟ್ ಎರಡು ಪಟ್ಟಲ್ಲ, 64 ಪಟ್ಟು ಆಗಬೇಕು! ಎರಡು ಪಟ್ಟು ಮಾಡಿದರೆ ಸಿಗುವುದು ಮುಕ್ಕಾಲು ಇಂಚು ಮಾತ್ರ. ಜೊತೆಗೆ ಮಣ್ಣಿನ ಗಲಾಟೆಯೂ, ಅಂದರೆ ಮಣ್ಣಿನ ಕಬ್ಬಿಣದ ಅಂಶದಿಂದ ಬರುವ ಸುಳ್ಳು ಸಿಗ್ನಲ್ಲೂ, ಎರಡು ಪಟ್ಟಾಗುತ್ತದೆ. ಆ ಮುಕ್ಕಾಲು ಇಂಚೂ ಅದರಲ್ಲೇ ಮುಳುಗಿಹೋಗುತ್ತದೆ. ಬ್ಯಾಟರಿ ಹೆಚ್ಚಿಸಿ ಏನು ಸಿಕ್ಕಿತು ಹೇಳಿ?

ಈ ಯಂತ್ರಗಳಲ್ಲಿ ಹೆಚ್ಚಿನವು ನಡೆಯುವುದು ಸಮತೋಲದ ಮೇಲೆ. ತಟ್ಟೆಯೊಳಗೆ ಎರಡು ಕಾಯಿಲ್. ಒಂದು ಕಳಿಸುತ್ತದೆ, ಇನ್ನೊಂದು ಕೇಳುತ್ತದೆ. ಕಳಿಸುವ ಕಾಯಿಲ್‌ನ ಪ್ರಭಾವ ಕೇಳುವ ಕಾಯಿಲ್‌ಗೆ ಹತ್ತಿರ ಹತ್ತಿರ ಸೊನ್ನೆ ಆಗುವ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಇಟ್ಟಿರುತ್ತಾರೆ. ಅಕ್ಕಸಾಲಿಗರ ತಕ್ಕಡಿ ಇದ್ದ ಹಾಗೆ. ಸಮ ನಿಂತಿದ್ದರೆ ಸಾಸಿವೆ ಕಾಳು ಹಾಕಿದರೂ ವಾಲುತ್ತದೆ. ಮೊದಲೇ ಒಂದು ಕಡೆ ವಾಲಿದ್ದರೆ ಸಾಸಿವೆ ಬಿದ್ದದ್ದೇ ಗೊತ್ತಾಗುವುದಿಲ್ಲ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಕಥೆ ಇದೆ. ಸ್ವಲ್ಪ ಉದ್ದ. ಆದರೂ ಹೇಳಿಯೇ ಮುಂದೆ ಹೋಗುತ್ತೇನೆ.

ಎರಡನೇ ಮಹಾಯುದ್ಧದ ಕಾಲ. ಪೋಲೆಂಡ್ ದೇಶವನ್ನು ಜರ್ಮನಿ ನುಂಗಿತ್ತು. ಅಲ್ಲಿಂದ ತಪ್ಪಿಸಿಕೊಂಡ ಪೋಲಿಷ್ ಸೈನಿಕರು ಬ್ರಿಟನ್ನಿಗೆ ಬಂದು ಸ್ಕಾಟ್ಲೆಂಡಿನ ಕಡಲತೀರ ಕಾಯುತ್ತಿದ್ದರು. ಶತ್ರು ಬಂದಾನೆಂದು ಆ ತೀರದುದ್ದಕ್ಕೂ ನೆಲಬಾಂಬ್ ಹೂತಿದ್ದರು. ತಮ್ಮವರೇ ಹೂತ ಬಾಂಬು ತಮ್ಮವರನ್ನೇ ಕೊಲ್ಲುವುದನ್ನು ಅವರು ಕಂಡರು. ಅವರಲ್ಲಿ ಯೂಜೆಫ್ ಕೊಸಾಟ್ಸ್ಕಿ ಎಂಬ ಎಂಜಿನಿಯರ್ ಒಬ್ಬರಿದ್ದರು. 1941ರಲ್ಲಿ ಅವರು ಒಂದು ಯಂತ್ರ ಮಾಡಿದರು. ಎರಡು ಕಾಯಿಲ್. ಒಂದಕ್ಕೆ ಕಿವಿಗೆ ಕೇಳಿಸುವ ಆವರ್ತನದ ಆಸಿಲೇಟರ್, ಅಂದರೆ ಅಲೆ ಹುಟ್ಟಿಸುವ ಸರ್ಕ್ಯೂಟ್. ಇನ್ನೊಂದಕ್ಕೆ ಆಂಪ್ಲಿಫೈಯರ್ ಮತ್ತು ಹೆಡ್‌ಫೋನ್. ಲೋಹ ಹತ್ತಿರ ಬಂದರೆ ಸಮತೋಲ ತಪ್ಪುತ್ತದೆ, ಕಿವಿಯಲ್ಲಿ ಸದ್ದು ಬರುತ್ತದೆ. ತೂಕ 14 ಕಿಲೋಗೆ ಚೂರು ಕಡಿಮೆ. ಒಬ್ಬನೇ ಹೊತ್ತು ನಡೆಸಬಹುದು.

ಇನ್ನು ಈಜಿಪ್ಟಿನ ಮರುಭೂಮಿಗೆ ಬನ್ನಿ. 1942ರ ಅಕ್ಟೋಬರ್ 23, ರಾತ್ರಿ. ಎಲ್ ಅಲಮೈನ್. ಎದುರಿಗೆ ಜರ್ಮನ್ ಸೇನಾಪತಿ ರೊಮ್ಮೆಲ್‌ನ ಸೇನೆ. ನಡುವೆ ಲಕ್ಷಗಟ್ಟಲೆ ಬಾಂಬು ಹೂತ ಮರಳು. ಆ ಬಯಲಿಗೆ 'ಸೈತಾನನ ತೋಟ' ಅಂತಲೇ ಹೆಸರು. ಅದುವರೆಗೆ ಬಾಂಬು ಹುಡುಕುವ ದಾರಿ ಏನಿತ್ತು ಗೊತ್ತಾ? ಬಾಯ್ನೆಟ್ ಹಿಡಿದು, ಮೊಣಕಾಲೂರಿ, ಮರಳನ್ನು ಓರೆಯಾಗಿ ಚುಚ್ಚುತ್ತಾ ಹೋಗುವುದು. ಗಂಟೆಗೆ ಸುಮಾರು 100 ಮೀಟರ್. ಬ್ರಿಟಿಷರ ಎಂಟನೇ ಸೇನೆಗೆ ಕೊಸಾಟ್ಸ್ಕಿಯ ಯಂತ್ರ 500 ಸಿಕ್ಕಿದವು. ವೇಗ ಗಂಟೆಗೆ ಸುಮಾರು 200 ಮೀಟರ್ ಆಯಿತು. ಮೇಲೆ ಫಿರಂಗಿ ಗುಂಡು ಹಾರುತ್ತಿದ್ದರೆ, ಒಬ್ಬ ಮನುಷ್ಯ ನೆಟ್ಟಗೆ ನಿಂತು, ಕಿವಿಗೆ ಹೆಡ್‌ಫೋನ್ ಹಾಕಿ, ತಟ್ಟೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ, ಸಣ್ಣದೊಂದು ಸದ್ದಿಗೆ ಕಾಯುತ್ತಿದ್ದಾನೆ. ಅವನ ಜೀವ, ಹಿಂದೆ ಬರುವ ಟ್ಯಾಂಕಿನವರ ಜೀವ, ಎಲ್ಲ ಆ ಎರಡು ಕಾಯಿಲ್‌ಗಳ ಸಮತೋಲದ ಮೇಲೆ ನಿಂತಿದೆ. ಇದನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಕೊಸಾಟ್ಸ್ಕಿ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ವಿನ್ಯಾಸವನ್ನು ಬ್ರಿಟಿಷ್ ಸೇನೆಗೆ ಸುಮ್ನೆ ಕೊಟ್ಟುಬಿಟ್ಟರು. ಬ್ರಿಟನ್ನಿನ ದೊರೆಯಿಂದ ಒಂದು ಧನ್ಯವಾದದ ಪತ್ರ ಬಂತು. ಮನೆಯವರು ಇನ್ನೂ ಪೋಲೆಂಡಿನಲ್ಲೇ ಇದ್ದುದರಿಂದ ಯುದ್ಧ ಮುಗಿಯುವವರೆಗೆ ಅವರ ಹೆಸರೂ ಗುಟ್ಟಾಗಿತ್ತು. ಅವರ ಯಂತ್ರದ ಒಂದು ರೂಪ ಬ್ರಿಟಿಷ್ ಸೇನೆಯಲ್ಲಿ 1995ರವರೆಗೂ ಬಳಕೆಯಲ್ಲಿತ್ತು. ಹಳೆಯ ಯಂತ್ರ ಅಂದರೆ ಕಸ ಅನ್ನುವವರು ಈ ಇಸವಿ ನೆನಪಿಡಬೇಕು.

ನೆಲಬಾಂಬಿನ ಮಾತು ಬಂತಲ್ಲ, ನಮ್ಮ ಬೆಂಗಳೂರನ್ನೂ ಹೇಳಿಬಿಡುತ್ತೇನೆ. ಮುಳ್ಳುತಂತಿ ಬೇಲಿ, ಬಾಂಬು ಹೂತ ನೆಲ ಇವನ್ನೆಲ್ಲ ದೂರದಿಂದಲೇ ಸಿಡಿಸಿ ದಾರಿ ಮಾಡುವ ಉದ್ದನೆಯ ಕೊಳವೆಯಾಕಾರದ ಸ್ಫೋಟಕ ಒಂದಿದೆ. ಅದು ಹುಟ್ಟಿದ್ದು 1912ರಲ್ಲಿ, ಬೆಂಗಳೂರಿನಲ್ಲಿದ್ದ ಸೇನೆಯ ಎಂಜಿನಿಯರಿಂಗ್ ದಳ ಮದ್ರಾಸ್ ಸ್ಯಾಪರ್ಸ್‌ನಲ್ಲಿ. ಇವತ್ತಿಗೂ ಜಗತ್ತಿನ ಸೇನೆಗಳು ಅದನ್ನು 'ಬ್ಯಾಂಗಲೂರ್ ಟಾರ್ಪೆಡೋ' ಅಂತಲೇ ಕರೆಯುತ್ತವೆ.

ಇರಲಿ, ಕೆಲಸಕ್ಕೆ ಬರೋಣ. ಮೊದಲು ಕಾಯಿಲ್ ನೋಡಿ ಅಂದೆ. ನೋಡುವುದು ಹೇಗೆ?

ತಟ್ಟೆಯ ಒಳಗಿನ ಅಂಟು ವರ್ಷಗಳು ಕಳೆದ ಹಾಗೆ ಬಿರುಕು ಬಿಡುತ್ತದೆ. ಕಾಯಿಲ್ ಕೂದಲೆಳೆಯಷ್ಟು ಜರುಗುತ್ತದೆ. ಸಮತೋಲ ಹೋಗುತ್ತದೆ. ಕೇಳುವ ಕಾಯಿಲ್‌ಗೆ ಆಸಿಲೋಸ್ಕೋಪ್ (ವಿದ್ಯುತ್ ಅಲೆಯನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಹಾಕಿ. ಟೇಬಲ್ ಮೇಲೆ ಕತ್ತರಿ, ಮೊಳೆ ಏನೂ ಇರಬಾರದು, ಕೈಯಲ್ಲಿ ಉಂಗುರವೂ ಬೇಡ. ಒಂದು ಕಾಯಿಲನ್ನು ಬೆರಳ ತುದಿಯಿಂದ ಮೆಲ್ಲಗೆ ತಳ್ಳುತ್ತಾ ಹೋಗಿ. ವೋಲ್ಟಿನ ಲೆಕ್ಕದಲ್ಲಿದ್ದ ಅಲೆ ಕುಗ್ಗುತ್ತಾ ಕುಗ್ಗುತ್ತಾ ಕೆಲವು ಮಿಲಿವೋಲ್ಟಿಗೆ ಇಳಿಯುತ್ತದೆ. ಇನ್ನೂ ಒಂದು ಕೂದಲೆಳೆ ತಳ್ಳಿದರೆ ಮತ್ತೆ ಏರುತ್ತದೆ. ಆ ತಗ್ಗೇ ನಿಮ್ಮ ಜಾಗ. ಅಲ್ಲಿ ಎಪಾಕ್ಸಿ ಹಾಕಿ ಕೂರಿಸಿ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿಯಾಗಿ ಕಾಯಿಲನ್ನು ಚೂರು ಜರುಗಿಸುತ್ತದೆ. ಅದಕ್ಕೇ ಒಂದು ಸಣ್ಣ ತಂತಿಯ ಕುಣಿಕೆ ಹೊರಗೆ ಬಿಟ್ಟಿರಿ. ಕೊನೆಯಲ್ಲಿ ಅದನ್ನು ಬಗ್ಗಿಸಿ ಸರಿ ಮಾಡಿಕೊಳ್ಳಬಹುದು.

ಆಮೇಲೆ ಕಾಯಿಲ್ ಸುತ್ತ ಗ್ರಾಫೈಟ್ ಬಣ್ಣ ಬಳಿದು ಅರ್ತ್‌ಗೆ ಜೋಡಿಸಿ. ಒದ್ದೆ ಹುಲ್ಲು ಸವರಿದಾಗ ಬರುವ ಸುಳ್ಳು ಸದ್ದು ನಿಲ್ಲುತ್ತದೆ. ಒಂದು ಎಚ್ಚರಿಕೆ: ಬಣ್ಣದ ಉಂಗುರ ಪೂರ್ತಿ ಕೂಡಬಾರದು, ಒಂದು ಬೆರಳಷ್ಟು ಜಾಗ ಖಾಲಿ ಬಿಡಿ. ಕೂಡಿದರೆ ಅದೇ ಒಂದು ಸುತ್ತು ತಂತಿಯಾಗಿ ನಿಮ್ಮ ಸಿಗ್ನಲ್ ತಿನ್ನುತ್ತದೆ. ಕೇಬಲ್ ಕೋಲಿಗೆ ಬಿಗಿಯಾಗಿ ಸುತ್ತಿರಲಿ, ಅಲ್ಲಾಡಿದರೆ ಅದೂ ಗಲಾಟೆಯೇ.

ಸಮಯ ಮುಗಿಯುತ್ತಾ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಪೆಟ್ಟಿಗೆಯೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ, ಎಲ್ಲ ಬದಲಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತವೆ. ಮಣ್ಣಿನ ಗಲಾಟೆ ತಗ್ಗಿಸುವ ಗ್ರೌಂಡ್ ಬ್ಯಾಲೆನ್ಸ್ ನಾಬ್ ಇದ್ದರೆ ಅದರ ಸವೆದ ಪಾಟ್ (ನಾಬ್ ತಿರುಗಿಸಿದಾಗ ಬದಲಾಗುವ ರೆಸಿಸ್ಟರ್) ತೆಗೆದು ಹತ್ತು ಸುತ್ತಿನ ಪಾಟ್ ಹಾಕಿ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣದ ಅಂಶ ಜಾಸ್ತಿ, ಅಲ್ಲಿ ನಾಬ್ ಎಳ್ಳಷ್ಟು ತಿರುಗಿದರೂ ವ್ಯತ್ಯಾಸ ಗೊತ್ತಾಗುತ್ತದೆ. 100 ಕಿಲೋಹರ್ಟ್ಸ್ ಹತ್ತಿರ ನಡೆಯುವ ತೀರಾ ಹಳೆಯ ಯಂತ್ರಗಳಲ್ಲಿ ಈ ನಾಬ್ ಇರುವುದೇ ಇಲ್ಲ. ಅವು ಆ ನೆಲದಲ್ಲಿ ಕಿರುಚುತ್ತಲೇ ಇರುತ್ತವೆ. ಅವುಗಳಿಗೆ ದುಡ್ಡು ಸುರಿಯಬೇಡಿ. ಯಾವ ಯಂತ್ರವೇ ಆಗಲಿ, ಸ್ಪೀಕರ್ ಬಿಟ್ಟು ಹೆಡ್‌ಫೋನ್ ಬಳಸಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದೇವಸ್ಥಾನ, ಕೋಟೆ, ಸಂರಕ್ಷಿತ ಸ್ಮಾರಕಗಳ ಹತ್ತಿರ ಈ ಯಂತ್ರ ಹಿಡಿದು ಹೋಗಬೇಡಿ. ನಿಧಿಯ ಆಸೆಗೆ ಎಷ್ಟು ಗುಡಿಗಳ ಬುಡ ಅಗೆದು ಹಾಳುಮಾಡಿದ್ದಾರೆ, ನೀವೇ ಪತ್ರಿಕೆಗಳಲ್ಲಿ ಓದುತ್ತಿದ್ದೀರಿ ಅಲ್ವಾ? ನಿಮ್ಮ ಹೊಲದಲ್ಲೇ ಹಳೆಯ ಬೆಲೆಬಾಳುವ ವಸ್ತು ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದು ಕಾನೂನು.

ಪರೀಕ್ಷೆಗೆ ನಿಮ್ಮ ಹಿತ್ತಲೇ ಸಾಕು. ಒಂದೇ ಬಗೆಯ ನಾಣ್ಯಗಳನ್ನು 3, 5, 7 ಇಂಚು ಆಳದಲ್ಲಿ ಹೂಳಿ, ಪಕ್ಕದಲ್ಲಿ ಗೂಟ ನೆಡಿ. ಯಂತ್ರದಲ್ಲಿ ಏನೇ ಬದಲಿಸುವ ಮೊದಲೂ, ಬದಲಿಸಿದ ಮೇಲೂ ಅದೇ ಗೂಟಗಳ ಹತ್ತಿರ ಹೋಗಿ ಕೇಳಿ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲನೆಯದು ಕಾಯಿಲ್.

ನಮಸ್ಕಾರ.