ಪಾಪ್-ಟಾಪ್ ಕ್ಯಾರವಾನ್ ರೂಫ್ ಎತ್ತೋಕೆ ಕಷ್ಟ ಆಗ್ತಿದ್ಯಾ? ಮೊದಲು ತಕ್ಕಡಿ ಮೇಲೆ ನಿಂತು ನೋಡಿ

[ದೃಶ್ಯ: ಕ್ಯಾರವಾನ್ ಒಳಗೆ. ಎರಡೂ ಅಂಗೈಗಳು ರೂಫಿನ ಅಡ್ಡಪಟ್ಟಿಯನ್ನು ಮೇಲಕ್ಕೆ ತಳ್ಳುತ್ತಿವೆ. ರೂಫ್ ಅರ್ಧ ಇಂಚು ಎದ್ದು ನಿಂತುಬಿಡುತ್ತದೆ.]

ನೋಡಿ, ಇಷ್ಟೇ ಬಂದಿದ್ದು. ಇನ್ನೂ ತಳ್ತಾ ಇದ್ದೀನಿ. ಮುಖ ಕೆಂಪಾಯ್ತೇ ಹೊರತು ರೂಫ್ ಜಗ್ಗಲಿಲ್ಲ.

ನಮಸ್ಕಾರ. ಪಾಪ್-ಟಾಪ್ ಕ್ಯಾರವಾನ್ ಇಟ್ಕೊಂಡಿರೋರಿಗೆ ಈ ಸೀನ್ ಹೊಸದಲ್ಲ. ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ: ಕ್ಯಾರವಾನ್ ಅಂದ್ರೆ ಚಕ್ರದ ಮೇಲಿನ ಪುಟ್ಟ ಮನೆ, ಓಡಿಸೋವಾಗ ಗಾಳಿಗೆ ಅಡ್ಡ ಆಗಬಾರದು ಅಂತ ಇದರ ರೂಫ್ ತಗ್ಗಿ ಕೂತಿರುತ್ತೆ. ನಿಲ್ಲಿಸಿದ ಮೇಲೆ ಒಳಗಿಂದ ಮೇಲಕ್ಕೆ ಎತ್ತಿದ್ರೆ ತಲೆ ಎತ್ತಿ ನಿಲ್ಲೋಷ್ಟು ಜಾಗ ಸಿಗುತ್ತೆ. ಸುತ್ತಲೂ ಕ್ಯಾನ್ವಾಸ್ ಇಲ್ಲಾ ವಿನೈಲ್ ಗೋಡೆ. ಹಿಂದೆ ಮುಂದೆ ಮಡಚೋ ತೋಳುಗಳು, ಅವಕ್ಕೆ ಸಹಾಯಕ್ಕೆ ಸ್ಪ್ರಿಂಗ್ ಅಥವಾ ಗ್ಯಾಸ್ ಸ್ಟ್ರಟ್, ಅಂದ್ರೆ ಒಳಗಿನ ಗ್ಯಾಸಿನ ಒತ್ತಡಕ್ಕೆ ಕಂಬಿಯನ್ನ ಹೊರಕ್ಕೆ ತಳ್ಳೋ ಕೊಳವೆ.

ಎತ್ತೋಕೆ ಭಾರ ಆಯ್ತು ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು, "ಇನ್ನೂ ಸ್ಟ್ರಾಂಗ್ ಸ್ಟ್ರಟ್ ಹಾಕ್ಸಿಬಿಡೋಣ." ಇದು ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಿದ ಹಾಗೆ. ರೂಫ್ ಯಾಕೆ ಏಳ್ತಿಲ್ಲ ಅಂತ ಗೊತ್ತಾಗದೇ ಸ್ಟ್ರಟ್ ಕೊಂಡ್ರೆ ಏರಿಸೋ ಕಷ್ಟ ಹೋಗಿ ಇಳಿಸೋ ಕಷ್ಟ ಶುರುವಾಗುತ್ತೆ. ಅದು ಹೇಗೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ.

[ದೃಶ್ಯ: ಕ್ಯಾರವಾನ್ ಹೊರಗೆ. ರೂಫಿನ ಅಂಚಿನಲ್ಲಿ ಒಂದೊಂದೇ ಕ್ಲಿಪ್ ಬಿಚ್ಚುತ್ತಿರುವ ಕೈ. ಕೊನೆಯದು ಸೈಕಲ್ ಹಿಂದೆ ಮರೆಯಾಗಿದೆ.]

ಅದಕ್ಕೂ ಮುಂಚೆ ಒಂದು ಮರ್ಯಾದೆ ಹೋದ ಕಥೆ. ಒಂದ್ಸಲ ನಾನು ಹತ್ತು ನಿಮಿಷ ಬೆವರು ಸುರಿಸಿ ತಳ್ಳಿದೆ, ರೂಫಿನ ಒಂದು ಮೂಲೆ ಮಾತ್ರ ಏಳ್ಲಿಲ್ಲ. ಸ್ಟ್ರಟ್ ಹೋಯ್ತು ಅಂತ ತೀರ್ಮಾನಾನೂ ಮಾಡಿಬಿಟ್ಟೆ. ಹೊರಗೆ ಬಂದು ನೋಡಿದ್ರೆ, ಹಿಂದೆ ಕಟ್ಟಿದ್ದ ಸೈಕಲ್ ಮರೆಯಲ್ಲಿ ಒಂದು ಕ್ಲಿಪ್ ಹಾಗೇ ಹಾಕಿದೆ! ನಾನು ತಳ್ಳಿದ ರಭಸಕ್ಕೆ ಕ್ಲಿಪ್ ಕೂತಿರೋ ತಗಡು ಸ್ವಲ್ಪ ಬಾಗಿತ್ತು, ಆ ಡೊಂಕು ಇವತ್ತಿಗೂ ಇದೆ. ಅವತ್ತಿಂದ ಒಳಗೆ ಹೋಗೋ ಮುಂಚೆ ಒಂದು ಸುತ್ತು ಬರ್ತೀನಿ, ಕ್ಲಿಪ್ ಎಣಿಸ್ತೀನಿ. ಬಾಯಿಬಿಟ್ಟು ಎಣಿಸ್ತೀನಿ.

[ದೃಶ್ಯ: ಕ್ಯಾರವಾನ್ ನೆಲದ ಮೇಲೆ ಮುಳ್ಳು ತಿರುಗುವ ಹಳೇ ತಕ್ಕಡಿ.]

ಸರಿ, ಕೆಲಸಕ್ಕೆ ಬರೋಣ. ಮೈತೂಕ ನೋಡೋ ತಕ್ಕಡಿ ಬೇಕು. ಮುಳ್ಳು ತಿರುಗೋದಾದ್ರೆ ಒಳ್ಳೇದು. ಡಿಜಿಟಲ್ ತಕ್ಕಡಿ ಒಂದು ಸಂಖ್ಯೆ ತೋರಿಸಿ ಅಲ್ಲೇ ಅಂಟಿಕೊಂಡುಬಿಡುತ್ತೆ, ಈ ಕೆಲಸಕ್ಕೆ ಕಿರಿಕಿರಿ.

ತಕ್ಕಡಿ ಮೇಲೆ ನಿಂತ್ಕೊಳ್ಳಿ. ನನ್ನ ತೂಕ 72. ಈಗ ರೂಫನ್ನ ನಿಧಾನವಾಗಿ ಮೇಲಕ್ಕೆ ತಳ್ತೀನಿ. ಮುಳ್ಳು ನೋಡಿ... 80... 90... 100... 108. ರೂಫ್ ಅಲುಗಾಡ್ತು. ಒಂದು ಗೇಣು ಎದ್ದ ಮೇಲೆ ಮುಳ್ಳು 100ಕ್ಕೆ ಇಳೀತು. ನಾನು ರೂಫನ್ನ ಎಷ್ಟು ಮೇಲಕ್ಕೆ ತಳ್ತೀನೋ, ರೂಫ್ ನನ್ನನ್ನ ಅಷ್ಟೇ ಕೆಳಕ್ಕೆ ಒತ್ತುತ್ತೆ. ಹಾಗಾಗಿ 100ರಲ್ಲಿ 72 ಕಳೆದ್ರೆ 28 ಕೆಜಿ. ಈ ತುದಿಯನ್ನ ಎತ್ತೋಕೆ ನನ್ನ ತೋಳು ಹಾಕ್ತಿರೋ ಬಲ ಅಷ್ಟು.

ಜರ್ಕ್ ಕೊಡಬೇಡಿ, ಜರ್ಕ್ ಕೊಟ್ರೆ ಮುಳ್ಳು ಸುಳ್ಳು ಹೇಳುತ್ತೆ. ಮೂರು ಕಡೆ ನಿಲ್ಲಿಸಿ ಬರ್ಕೊಳ್ಳಿ: ರೂಫ್ ಬಿಟ್ಟುಕೊಳ್ಳೋ ಕ್ಷಣ, ಒಂದು ಗೇಣು ಎದ್ದ ಮೇಲೆ, ಅರ್ಧ ದಾರೀಲಿ. ಎರಡೂ ತುದಿಗೆ. ಇನ್ನೊಬ್ಬರು ಮುಳ್ಳು ಓದೋಕೆ ಇದ್ರೆ ಕತ್ತು ಉಳಿಯುತ್ತೆ.

[ದೃಶ್ಯ: ಕಾಗದದ ಮೇಲೆ ಬರೆದ ಅಂಕಿಗಳು. ಬಿಟ್ಟುಕೊಳ್ಳುವಾಗ 36, ಒಂದು ಗೇಣಿಗೆ 28, ಅರ್ಧಕ್ಕೆ 11.]

ಈ ಮೂರು ಅಂಕಿ ಸಿಕ್ಕಿದ್ರೆ ಅರ್ಧ ರೋಗ ಪತ್ತೆಯಾದ ಹಾಗೆ. ಮೊದಲ ಅಂಕಿ ಎರಡನೇದಕ್ಕಿಂತ ತುಂಬಾ ಜಾಸ್ತಿ ಇದ್ರೆ ಏನೋ ಅಂಟಿಕೊಂಡಿದೆ ಅಂತ ಅರ್ಥ. ಎಲ್ಲಾ ಕಡೆ ಒಂದೇ ಸಮ ಜಾಸ್ತಿ ಇದ್ರೆ ತೂಕ ಹೆಚ್ಚಾಗಿದೆ ಅಥವಾ ಸ್ಪ್ರಿಂಗು, ಸ್ಟ್ರಟ್ಟು ಸೋತಿದೆ. ಮಧ್ಯೆ ಎಲ್ಲೋ ಒಂದೇ ಕಡೆ ಬಿಗೀತಿದ್ರೆ ಕೀಲು ಹಿಡಿದಿದೆ, ಇಲ್ಲಾ ತೋಳು ಬಾಗಿದೆ.

ನನ್ನದರಲ್ಲಿ 36, ಆಮೇಲೆ 28. ಹಾಗಾದ್ರೆ ಆ ಎಂಟು ಕೆಜಿ ಎಲ್ಲಿಂದ ಬಂತು?

ಮೊದಲ ಕಳ್ಳ, ಗಾಳಿ. ಬಾಗಿಲು, ಕಿಟಕಿ ಎಲ್ಲಾ ಮುಚ್ಚಿ ರೂಫ್ ಎತ್ತಿದ್ರೆ ಒಳಗಿನ ಜಾಗ ಏಕಾಏಕಿ ದೊಡ್ಡದಾಗುತ್ತೆ, ಹೊರಗಿನ ಗಾಳಿಗೆ ಬರೋಕೆ ದಾರಿ ಇರಲ್ಲ. ಆಗ ರೂಫನ್ನ ಒಳಗಿಂದ ಯಾರೋ ಹೀರಿ ಹಿಡಿದ ಹಾಗಾಗುತ್ತೆ. ಬಾಗಿಲು ತೆಗೆದಿಡಿ, ಅಷ್ಟೇ.

ಎರಡನೇದು ಸುತ್ತಲಿನ ರಬ್ಬರ್ ಸೀಲ್. ಬಿಸಿಲಿಗೆ ಮೆತ್ತಗಾಗಿ ಅಂಟುತ್ತೆ. ಸೋಪುನೀರಲ್ಲಿ ಒರೆಸಿ, ಒಣಗಿದ ಮೇಲೆ ಬಟ್ಟೆಗೆ ಸಿಲಿಕೋನ್ ಸ್ಪ್ರೇ ಹಾಕಿ ತೆಳುವಾಗಿ ಸವರಿ. ನೇರವಾಗಿ ಸ್ಪ್ರೇ ಹೊಡೆದ್ರೆ ಕ್ಯಾನ್ವಾಸಿಗೆ ಸಿಡಿದು ಕಲೆ ಆಗುತ್ತೆ.

ಕೀಲುಗಳಿಗೂ ಒಣಗೋ ಜಾತಿಯ ಸಿಲಿಕೋನ್ ಅಥವಾ ಟೆಫ್ಲಾನ್ ಸ್ಪ್ರೇನೇ ಸಾಕು. ದಪ್ಪ ಗ್ರೀಸ್ ಮೆತ್ತಿದ್ರೆ ದಾರಿ ಧೂಳೆಲ್ಲಾ ಬಂದು ಕೂತು ಉಪ್ಪುಕಾಗದ ಆಗಿಬಿಡುತ್ತೆ. ಸ್ಟ್ರಟ್ಟಿನ ಹೊಳೆಯೋ ಕಂಬಿಗಂತೂ ಏನೂ ಹಚ್ಚಬೇಡಿ, ಒಣ ಬಟ್ಟೇಲಿ ಒರೆಸಿ ಬಿಡಿ. ಆ ಕಂಬಿ ಮೇಲೆ ಒಂದು ಗೀರು ಬಿದ್ರೂ ಸೀಲ್ ಹರಿದು ಗ್ಯಾಸ್ ಸೋರುತ್ತೆ.

[ದೃಶ್ಯ: ಏಣಿ ಮೇಲಿಂದ ರೂಫಿನ ಹೊರಭಾಗ. ಮಧ್ಯದ ತಗ್ಗಿನಲ್ಲಿ ನಿಂತ ನೀರು, ಪಕ್ಕದಲ್ಲಿ ಸೋಲಾರ್ ಪ್ಯಾನಲ್.]

ಈಗ ಮೇಲೆ ಹತ್ತಿ ನೋಡೋಣ. ಮಳೆ ನೀರು ನಿಂತಿದೆ. ನೋಡೋಕೆ ಏನೂ ಅಲ್ಲ, ಐದು ಮಿಲಿಮೀಟರ್ ಆಳ. ಆದ್ರೆ ಎರಡು ಚದರ ಮೀಟರ್ ಹರಡಿದೆ, ಅಂದ್ರೆ ಹತ್ತು ಲೀಟರ್, ಹತ್ತು ಕೆಜಿ. ಎತ್ತೋ ಮುಂಚೆ ವೈಪರ್ ಕೋಲಿಂದ ತಳ್ಳಿಬಿಡಿ. ಮೇಲೆ ಏನೂ ಹೊಸದಾಗಿ ಹಾಕಿಲ್ಲ, ನೀರೂ ನಿಂತಿಲ್ಲ, ಆದ್ರೂ ವರ್ಷ ವರ್ಷ ಭಾರ ಆಗ್ತಿದೆ ಅಂದ್ರೆ ಒಳಗಿನ ಪ್ಲೈವುಡ್ ನೀರು ಕುಡಿದಿರಬಹುದು. ಒಳಗಿಂದ ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿದ್ರೆ ಸ್ಟ್ರಟ್ ಯೋಚನೆ ಬಿಟ್ಟು ಮೊದಲು ಸೋರಿಕೆ ನಿಲ್ಲಿಸಿ.

ಇನ್ನು ನಾವೇ ಹೊರಿಸಿದ ಭಾರ. ಗಾಜಿನ ಸೋಲಾರ್ ಪ್ಯಾನಲ್ 200 ವ್ಯಾಟಿನದು ಸಾಮಾನ್ಯವಾಗಿ ಹತ್ತು ಕೆಜಿ ಆಸುಪಾಸು. ರೂಫ್ ಏಸಿ ಆದ್ರೆ ಮೂವತ್ತರ ಆಸುಪಾಸು. ಕಂಪನಿಯವರು ಸ್ಪ್ರಿಂಗ್ ಕೊಟ್ಟಿರೋದು ಸಾಮಾನ್ಯವಾಗಿ ಖಾಲಿ ರೂಫಿಗೆ. ನನ್ನ ಅಭಿಪ್ರಾಯ ಕೇಳಿದ್ರೆ, ಎರಡು ಪ್ಯಾನಲ್ ಇದ್ರೆ ಒಂದನ್ನ ಕೆಳಗಿಳಿಸಿ, ನೆಲದ ಮೇಲೆ ಬಿಸಿಲಿಗೆ ತಿರುಗಿಸಿ ಇಡಿ. ಕ್ಯಾರವಾನ್ ನೆರಳಲ್ಲಿರುತ್ತೆ, ಪ್ಯಾನಲ್ ಬಿಸಿಲಲ್ಲಿರುತ್ತೆ, ಇಬ್ಬರಿಗೂ ಸುಖ. ಬಾಗೋ ತೆಳು ಪ್ಯಾನಲ್ ಹಗುರ ಹೌದು, ಆದ್ರೆ ರೂಫಿಗೆ ಅಂಟಿಸಿದಾಗ ಬಿಸಿ ಹೋಗೋಕೆ ಜಾಗ ಇಲ್ಲದೆ ಬೇಗ ಸೊರಗುತ್ತೆ.

[ದೃಶ್ಯ: ಒಂದು ಬಾಗಿಲು. ಹಿಡಿಕೆಯ ಹತ್ತಿರ ಒಂದು ಬೆರಳು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ಆಮೇಲೆ ಕೀಲಿನ ಪಕ್ಕ ಅಂಗೈ, ಬಾಗಿಲು ಅಲುಗುವುದಿಲ್ಲ.]

ಇಷ್ಟೆಲ್ಲಾ ಮಾಡಿದ ಮೇಲೂ ಮೊದಲ ಗೇಣು ಭಾರವಾಗೇ ಇದ್ರೆ ಈಗ ಸ್ಟ್ರಟ್ ಮಾತು. ಮೊದಲ ಗೇಣೇ ಯಾಕೆ? ಬಾಗಿಲನ್ನ ಹಿಡಿಕೆ ಹತ್ರ ತಳ್ಳಿದ್ರೆ ಒಂದು ಬೆರಳು ಸಾಕು. ಕೀಲಿನ ಪಕ್ಕ ತಳ್ಳಿ ನೋಡಿ. ರೂಫ್ ಮುಚ್ಚಿದಾಗ ಸ್ಟ್ರಟ್ಟಿಗೂ ಇದೇ ಪಾಡು. ಅದು ಹೆಚ್ಚುಕಮ್ಮಿ ಅಡ್ಡಡ್ಡ ಮಲಗಿರುತ್ತೆ, ಬಲವೆಲ್ಲಾ ಪಕ್ಕಕ್ಕೆ ಹೋಗುತ್ತೆ, ಮೇಲಕ್ಕೆ ಹೋಗೋದು ಚೂರು. ರೂಫ್ ಎದ್ದ ಹಾಗೆ ಸ್ಟ್ರಟ್ ನೆಟ್ಟಗಾಗುತ್ತೆ. ಬೇಕಾದಾಗ ಕೈಕೊಟ್ಟು, ಬೇಡವಾದಾಗ ಬಂದು ನಿಲ್ಲೋ ನೆಂಟನ ಹಾಗೆ.

ಲೆಕ್ಕ ಹಾಕೋಣ. ನನಗೆ 28 ಕೆಜಿ ಬದಲು 12 ಕೆಜಿ ಆದ್ರೆ ಸಾಕು. ಅಂದ್ರೆ 16 ಕೆಜಿಯಷ್ಟು ಸಹಾಯ ಬೇಕು. ಸ್ಟ್ರಟ್ಟಿನ ಬಲ ಅಳೆಯೋದು ನ್ಯೂಟನ್ ಲೆಕ್ಕದಲ್ಲಿ. ಒಂದು ಕೆಜಿ ಅಂದ್ರೆ ಸುಮಾರು 9.8 ನ್ಯೂಟನ್, ಹಾಗಾಗಿ 157 ನ್ಯೂಟನ್. ಎಡಕ್ಕೊಂದು ಬಲಕ್ಕೊಂದು ಸ್ಟ್ರಟ್, ಒಂದೊಂದರ ಪಾಲಿಗೆ 78. ಆದ್ರೆ ಮೊದಲ ಗೇಣಿನಲ್ಲಿ ಸ್ಟ್ರಟ್ ನೆಲಮಟ್ಟಕ್ಕೆ 25 ಡಿಗ್ರಿ ವಾಲಿದೆ ಅನ್ಕೊಳ್ಳಿ. ಆಗ ಅದರ ಬಲದಲ್ಲಿ ನೂರಕ್ಕೆ 42 ಪಾಲು ಮಾತ್ರ ಮೇಲಕ್ಕೆ ಸಿಗೋದು. ಅಂದ್ರೆ ಒಂದೊಂದು ಸ್ಟ್ರಟ್ಟೂ 185 ನ್ಯೂಟನ್ ತಳ್ಳಬೇಕು.

ಈಗ ರೂಫ್ ಪೂರ್ತಿ ಮೇಲೆ ಹೋಯ್ತು, ಸ್ಟ್ರಟ್ 70 ಡಿಗ್ರಿಗೆ ನಿಂತಿತು. ಉದ್ದ ಚಾಚಿದಾಗ ಗ್ಯಾಸಿನ ಒತ್ತಡ ಸ್ವಲ್ಪ ಇಳಿಯುತ್ತೆ, ಅದನ್ನ ಕಳೆದ್ರೂ ಆ ಜೋಡಿ 25 ಕೆಜಿಗೂ ಮೇಲೆ ತಳ್ತಾ ಇರುತ್ತೆ. ಬೇಕಿದ್ದಿದ್ದು 16. ಸಾಯಂಕಾಲ ಇಳಿಸೋವಾಗ ಈಗ ಅಡ್ಡಪಟ್ಟಿಗೆ ಜೋತು ಬೀಳಬೇಕು.

ಅದೇ ಸ್ಟ್ರಟ್ಟಿನ ಕೆಳ ಬ್ರಾಕೆಟ್ಟನ್ನ ಸ್ವಲ್ಪ ಜರುಗಿಸಿ, 25ರ ಬದಲು 35 ಡಿಗ್ರಿ ಬರೋ ಹಾಗೆ ಕೂರಿಸಿದ್ರೆ? 185 ಬೇಡ, 137 ನ್ಯೂಟನ್ ಸಾಕು. ಕಾಲು ಭಾಗಕ್ಕಿಂತ ಜಾಸ್ತಿ ಉಳೀತು. ದೊಡ್ಡ ನಂಬರಿನ ಸ್ಟ್ರಟ್ ಹುಡುಕೋದಕ್ಕಿಂತ ಅದನ್ನ ಎಲ್ಲಿ ಕೂರಿಸ್ತೀರಿ ಅನ್ನೋದಕ್ಕೆ ತಲೆ ಖರ್ಚು ಮಾಡಿ ಅಂತ ನಾನು ಹೇಳ್ತಿರೋದು ಇದಕ್ಕೇ. ರಟ್ಟಿನ ಮೇಲೆ ಅಳತೆಗೆ ಬರೆದು, ಗುಂಡುಪಿನ್ನು ಚುಚ್ಚಿ, ಕಾಗದದ ತೋಳು ತಿರುಗಿಸಿ ನೋಡಿ. ಮುಚ್ಚಿದಾಗ ಸ್ಟ್ರಟ್ ಹಿಡಿಸುತ್ತಾ ಅನ್ನೋದೂ ಅಲ್ಲೇ ಗೊತ್ತಾಗುತ್ತೆ.

[ದೃಶ್ಯ: ಸ್ಟ್ರಟ್ ಕೊಳವೆಯ ಮೇಲಿನ ಚೀಟಿ, 400 ಎನ್ ಎಂದು ಬರೆದಿದೆ.]

ಕೊಳವೆ ಮೇಲೆ ಬರೆದಿರೋ ಅಂಕಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ. ಒಳಗಿರೋದು ನೈಟ್ರೋಜನ್, ಚಳಿಗೆ ಅದರ ಒತ್ತಡ ಇಳಿಯುತ್ತೆ, ಬಿಸಿಲಿಗೆ ಏರುತ್ತೆ. 400 ನ್ಯೂಟನ್ ಸ್ಟ್ರಟ್ 0 ಡಿಗ್ರಿ ಚಳೀಲಿ ಸುಮಾರು 373, 40 ಡಿಗ್ರಿ ಬಿಸಿಲಲ್ಲಿ ಸುಮಾರು 427. ಹಾಗಾಗಿ ಬೆಳಗಿನ ಚಳೀಲಿ ಎತ್ತಿ ನೋಡಿ ಸ್ಟ್ರಟ್ ಸತ್ತಿದೆ ಅನ್ನಬೇಡಿ. ಕ್ಲಿಪ್ ಬಿಚ್ಚಿದ ಕೂಡಲೇ ರೂಫ್ ತಾನಾಗೇ ಮೇಲೆ ನೆಗೆಯೋಷ್ಟು ಬಲದ್ದೂ ಹಾಕಬೇಡಿ. ಹಾಗೆ ಮಾಡಿದ್ರೆ ದಾರಿ ಉದ್ದಕ್ಕೂ ಆ ಒತ್ತಡವನ್ನ ಕ್ಲಿಪ್ಪುಗಳು ಹೊರಬೇಕು, ಜೊತೆಗೆ ಗಾಳಿ ಬೇರೆ ಮೇಲಕ್ಕೆ ಎಳೀತಿರುತ್ತೆ.

ಬದಲಾಯಿಸೋವಾಗ ಜೋಡೀನೇ ಬದಲಾಯಿಸಿ. ಒಂದು ಹೊಸದು ಒಂದು ಹಳೇದು ಇದ್ರೆ ಎತ್ತು ಏರಿಗೆ, ಕೋಣ ನೀರಿಗೆ. ರೂಫ್ ಓರೆಯಾಗಿ ಎದ್ದು ತೋಳುಗಳು ತಿರುಚಿಕೊಳ್ಳುತ್ತೆ. ರೂಫ್ ಪೂರ್ತಿ ಎತ್ತಿ, ಎರಡೂ ಪಕ್ಕ ಗಟ್ಟಿ ಮರದ ಊರುಗೋಲು ಕೊಟ್ಟು, ಆಮೇಲೆ ಒಂದೊಂದಾಗಿ ಬಿಚ್ಚಿ. ಊರುಗೋಲು ಇಲ್ಲದೆ ಬಿಚ್ಚಿದ್ರೆ ರೂಫ್ ಬರೋದು ನಿಮ್ಮ ತಲೆ ಮೇಲೇನೇ. ಹೊಸ ಬ್ರಾಕೆಟ್ಟಿಗೆ ಬರೀ ಮರದ ಸ್ಕ್ರೂ ನಂಬಬೇಡಿ, ಕ್ಯಾರವಾನ್ ಗೋಡೆ ತೆಳು. ಆರಪಾರ ಬೋಲ್ಟ್ ಹಾಕಿ, ಹಿಂದೆ ಲೋಹದ ಪಟ್ಟಿ ಕೊಡಿ. ಹಳೇ ಸ್ಟ್ರಟ್ಟನ್ನ ಕುಯ್ಯೋದು, ತೂತು ಮಾಡೋದು, ಬೆಂಕಿಗೆ ಹಾಕೋದು ಯಾವುದೂ ಬೇಡ. ಸೋತಿದ್ರೂ ಒಳಗೆ ಒತ್ತಡ ಇರುತ್ತೆ.

ಮೋಟಾರ್ ಹಾಕಿಸಬಹುದಾ ಅಂತ ಕೇಳೋರು ಇರ್ತೀರಿ. ಹಾಕಿಸಬಹುದು. 12 ವೋಲ್ಟಿನ ಆಕ್ಚುಯೇಟರ್‌ಗಳು, ಅಂದ್ರೆ ಮೋಟಾರಿನಿಂದ ಚಾಚಿಕೊಳ್ಳೋ ಕಂಬಿಗಳು, ನಾಲ್ಕು ಮೂಲೆಗೆ. ನಾಲ್ಕೂ ಒಂದೇ ವೇಗದಲ್ಲಿ ಏಳೋ ಹಾಗೆ ಕಂಟ್ರೋಲರ್ ಇರಬೇಕು, ಬ್ಯಾಟರಿ ಖಾಲಿ ಆದಾಗ ಕೈಯಲ್ಲಿ ಇಳಿಸೋ ದಾರಿ ಇರಬೇಕು. ಭುಜ ನೋವಿರೋರಿಗೆ ಇದು ಐಷಾರಾಮ ಅಲ್ಲ, ಅಗತ್ಯ. ಉಳಿದವರಿಗೆ ಕೆಟ್ಟು ಹೋಗೋಕೆ ಇನ್ನೊಂದು ಸಾಮಾನು.

[ದೃಶ್ಯ: ಗಟ್ಟಿ ಸ್ಟೂಲಿನ ಮೇಲೆ ನಿಂತು, ಮಂಡಿ ಬಗ್ಗಿಸಿ, ಅಡ್ಡಪಟ್ಟಿಯ ಮಧ್ಯಕ್ಕೆ ಅಂಗೈ ಕೊಟ್ಟು ಎದ್ದು ನಿಲ್ಲುವುದು.]

ಎತ್ತೋ ಭಂಗೀನೂ ಲೆಕ್ಕಕ್ಕೆ ಬರುತ್ತೆ. ತೋಳು ಚಾಚಿ ದೂರದಿಂದ ತಳ್ಳೋದಲ್ಲ. ಅಡ್ಡಪಟ್ಟಿಯ ನೇರ ಕೆಳಗೆ ನಿಂತು, ಮಂಡಿ ಬಗ್ಗಿಸಿ, ಮೊಣಕೈ ಮೈಗೆ ಹತ್ರ ಇಟ್ಟು ಕಾಲಲ್ಲಿ ಎದ್ದೇಳಿ. ನಿಮ್ಮ ಮಾಡೆಲ್ಲಿನ ಕೈಪಿಡಿಯಲ್ಲಿ ಯಾವ ತುದಿ ಮೊದಲು ಅಂತ ಬರೆದಿದ್ರೆ ಹಾಗೇ ಮಾಡಿ. ಎತ್ತರ ಸಾಲದವರು ಗಟ್ಟಿ ಸ್ಟೂಲ್ ಇಟ್ಕೊಳ್ಳಿ, ಹಾಸಿಗೆ ಅಂಚಿನ ಮೇಲೆ ನಿಂತು ಸಾಹಸ ಬೇಡ.

[ದೃಶ್ಯ: ಮತ್ತೆ ತಕ್ಕಡಿ. ಬಾಗಿಲು ತೆರೆದಿದೆ.]

ಈಗ ನನ್ನದನ್ನ ಮತ್ತೆ ಅಳೆಯೋಣ. ಬಾಗಿಲು ತೆಗೆದಿದೆ, ಸೀಲ್ ಒರೆಸಿದೆ, ನೀರು ತಳ್ಳಿದೆ, ಒಂದು ಪ್ಯಾನಲ್ ಕೆಳಗಿಳೀತು. ಹೊಸ ಸ್ಟ್ರಟ್ ಇನ್ನೂ ಹಾಕಿಲ್ಲ. 72ರಿಂದ ಶುರು... 80... 85... 89. ಬಿಟ್ಕೊಳ್ತು! 36 ಇದ್ದಿದ್ದು 17 ಆಯ್ತು.

ಸ್ಟ್ರಟ್ ತಗೊಳ್ಳೋ ದುಡ್ಡಲ್ಲಿ ಒಂದು ಒಳ್ಳೇ ಸ್ಟೂಲ್ ತಗೊಂಡೆ. ಇಳಿಸೋವಾಗ ಬಾಗಿಲು ತೆರೆದೇ ಇರಲಿ. ಕ್ಯಾನ್ವಾಸನ್ನ ಸುತ್ತಲೂ ಒಳಕ್ಕೆ ಎಳ್ಕೊಳ್ಳಿ, ಅಂಚಿಗೆ ಸಿಕ್ಕಿ ಹರಿಯಬಾರದು. ಆಮೇಲೆ ಹೊರಗೆ ಬಂದು ಕ್ಲಿಪ್ ಹಾಕಿ. ಸೈಕಲ್ ಹಿಂದಿರೋದೂ ಸೇರಿ.