ಕಿಟ್ ಹಾಕಿದರೆ ಮುಗಿಯಿತೇ?

ನಮಸ್ಕಾರ. ಹುಬ್ಬಳ್ಳಿಯಲ್ಲಿ ಹಳೆಯ ಫಿಯಟ್ಟೋ ಅಂಬಾಸಿಡರೋ ಇಟ್ಟುಕೊಂಡ ಇಬ್ಬರು ಎದುರಾದರೆ ಮಾತು ಬಹಳ ಬೇಗ, ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿಗೆ ಬಂದು ನಿಲ್ಲುತ್ತದೆ, "ನೀವು ಯಾವುದನ್ನು ಹಾಕಿಸಿದ್ದೀರಿ?" ಎಂಬುದೇ ಅಲ್ಲಿ ಮೊದಲ ಪ್ರಶ್ನೆ. ಆ ಪ್ರಶ್ನೆಯೇ ದಾರಿ ತಪ್ಪಿಸುವಂಥದ್ದು ಎಂದು ನನಗೆ ಅನಿಸುತ್ತದೆ. ಕಾರಿನೊಂದಿಗೆ ಬಂದ ಕಾರ್ಬ್ಯುರೇಟರಿನ ಬಾಡಿ ಸೀಳಿಲ್ಲವೆಂದಾದರೆ ಅದನ್ನೇ ಸರಿಪಡಿಸಿಕೊಳ್ಳಬೇಕು, ಮತ್ತು ಸರಿಪಡಿಸುವಾಗ ಮೊದಲು ನೋಡಬೇಕಾದದ್ದು ಪೆಟ್ರೋಲನ್ನು ಅಳೆದು ಬಿಡುವ ರಂಧ್ರದ ತುಂಡುಗಳಾದ ಜೆಟ್‌ಗಳನ್ನಲ್ಲ, ಗಾಳಿಯ ದಾರಿಯ ತಟ್ಟೆಯನ್ನು ತಿರುಗಿಸುವ ಕಡ್ಡಿಯಾದ ಥ್ರಾಟಲ್ ಸ್ಪಿಂಡಲ್ಲನ್ನು.

ನಮ್ಮ ಮನೆಯಲ್ಲಿರುವುದು 1972ರ ಫಿಯಟ್ 1100 ಡಿಲೈಟ್, 1089 ಸಿಸಿ ಎಂಜಿನ್. ಆವರೇಜ್ ಹೆಚ್ಚುತ್ತದೆಂದು ಮಾರುತಿ 800ರ ಕಾರ್ಬ್ಯುರೇಟರ್ ಕೂರಿಸಲು ಒಬ್ಬರು ಸಲಹೆ ಕೊಟ್ಟರು. ಪಿಕಪ್ ಬೇಕಿದ್ದರೆ ದೊಡ್ಡ ಬಾಯಿಯದ್ದನ್ನು ಹಾಕಿಸಿ ಎಂದರು ಇನ್ನೊಬ್ಬರು. ಮೊದಲನೆಯದು 796 ಸಿಸಿಯ ಮೂರು ಸಿಲಿಂಡರಿಗಾಗಿ ಅಳತೆ ಮಾಡಿದ್ದು. ಅದರ ಜೆಟ್ ಲೆಕ್ಕ ನಾಲ್ಕು ಸಿಲಿಂಡರಿನ ಫಿಯಟ್ಟಿಗೆ ಹೊಂದುವುದಿಲ್ಲ. ಎರಡನೆಯದರಲ್ಲಿ ಗಾಳಿ ಹಾಯುವ ಕಿರಿದಾದ ಕೊರಳು, ಅಂದರೆ ವೆಂಚುರಿ, ಅಗಲವಾದಷ್ಟೂ ಕಡಿಮೆ ವೇಗದಲ್ಲಿ ಗಾಳಿಯ ಸೆಳೆತ ಕುಗ್ಗಿ, ಪೆಟ್ರೋಲು ಮಂಜಾಗಿ ಒಡೆಯದೆ ಹನಿಹನಿಯಾಗಿಯೇ ಒಳಗೆ ಹೋಗುತ್ತದೆ. ಚೆನ್ನಮ್ಮ ಸರ್ಕಲ್ಲಿನ ದಟ್ಟಣೆಯಲ್ಲಿ ಅಂಥ ಕಾರು ಮುಗ್ಗರಿಸಿ ನಿಲ್ಲುತ್ತದೆ. ಇದರ ಜೊತೆಗೆ 2021ರ ಕೇಂದ್ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ಮೂಲರೂಪದಲ್ಲಿ ಉಳಿದಿದ್ದರೆ ಮಾತ್ರ ವಿಂಟೇಜ್ ಎನಿಸಿಕೊಂಡು 'ವಿಎ' ಸರಣಿಯ ಸಂಖ್ಯೆ ಪಡೆಯುತ್ತದೆ. ಕಾರ್ಬ್ಯುರೇಟರ್ ಬದಲಾವಣೆಯಿಂದಲೇ ಅರ್ಜಿ ತಿರಸ್ಕೃತವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮೂಲವಸ್ತು ಕೈಯಲ್ಲಿರುವಾಗ ಅದನ್ನು ಗುಜರಿಗೆ ಹಾಕುವುದೇಕೆ ಎಂದಷ್ಟೇ ಕೇಳುತ್ತಿದ್ದೇನೆ.

ಇನ್ನು ಕಿಟ್, ಅಂದರೆ ಕಾರ್ಬ್ಯುರೇಟರಿನ ಸವೆಯುವ ಸಣ್ಣ ಭಾಗಗಳ ಪೊಟ್ಟಣದ ವಿಷಯ. "ಕಿಟ್ ಹಾಕಿದ್ರ ಮುಗೀತ್ರಿ ಸರ್, ಹೊಸಾದ್ರಂಗ ಓಡತೈತಿ" ಎಂದು ಮೆಕ್ಯಾನಿಕ್ ಒಬ್ಬರು ಭರವಸೆ ಕೊಟ್ಟರು, ನಾನೂ ನಂಬಿದೆ. ಗ್ಯಾಸ್ಕೆಟ್, ಪಂಪಿನ ಡಯಾಫ್ರಮ್, ನೀಡಲ್ ವಾಲ್ವ್ ಎಲ್ಲವೂ ಹೊಸದಾದವು, ಆದರೆ ಐಡ್ಲಿಂಗ್, ಅಂದರೆ ಕಾರು ನಿಂತಾಗಿನ ಎಂಜಿನ್ ಓಟ, ಮಾತ್ರ ಮೊದಲಿನಂತೆಯೇ ಏರಿಳಿಯುತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ಪರಿಹಾರವೆಂದರೆ ತೆಳ್ಳಗಿನ ಡ್ರಿಲ್ ಬಿಟ್ಟಿನಿಂದ ಜೆಟ್ ಕೊರೆಯುವುದು. ಸೋಲೆಕ್ಸ್ ಕಂಪನಿಯ ಕಾರ್ಬ್ಯುರೇಟರಿನ ಜೆಟ್ಟಿನ ಮೇಲಿನ 120 ಎಂಬ ಅಂಕಿ 1.20 ಮಿಲಿಮೀಟರ್ ರಂಧ್ರವನ್ನು ಸೂಚಿಸುತ್ತದೆ. ಅದನ್ನು 1.30ಕ್ಕೆ ಏರಿಸಿದರೆ ಹೆಚ್ಚಿದ್ದು ಕೂದಲೆಳೆಯಷ್ಟೇ ಎಂದು ಕಾಣುತ್ತದೆ, ಆದರೆ ರಂಧ್ರದ ವಿಸ್ತೀರ್ಣ ಶೇಕಡಾ 17ರಷ್ಟು ಬೆಳೆದಿರುತ್ತದೆ. ಕಾರು ಓಡಿತು, ಪೆಟ್ರೋಲನ್ನೂ ಹಾಗೆಯೇ ಕುಡಿಯಿತು.

ನಿಜವಾದ ಕಾಯಿಲೆ ಇದ್ದದ್ದು ಸ್ಪಿಂಡಲ್ಲಿನಲ್ಲಿ. ಐವತ್ತು ವರ್ಷ ತಿರುಗಿದ ಸ್ಪಿಂಡಲ್ ತಾನು ಕೂತಿರುವ ಮೆತ್ತನೆಯ ಸತುವಿನ ಮಿಶ್ರಲೋಹದ ಬಾಡಿಯನ್ನು ಸವೆಸಿ, ತೂತುಗಳನ್ನು ಮೊಟ್ಟೆಯಾಕಾರಕ್ಕೆ ತಂದಿರುತ್ತದೆ. ಥ್ರಾಟಲ್ ಮುಚ್ಚಿದಾಗ ಕೆಳಗಿನ ಎಂಜಿನ್ನಿನ ಸೆಳೆತ ತೀವ್ರವಾಗಿರುವುದರಿಂದ ಆ ಸಂದಿಯಿಂದ ಲೆಕ್ಕವಿಲ್ಲದ ಗಾಳಿ ಒಳನುಗ್ಗುತ್ತದೆ, ಮತ್ತು ಯಾವ ಕಿಟ್ಟಿನಲ್ಲಿಯೂ ಇದಕ್ಕೆ ಮದ್ದಿಲ್ಲ. ಪರೀಕ್ಷೆ ಸುಲಭ: ಎಂಜಿನ್ ಆರಿಸಿ ಸ್ಪಿಂಡಲ್ಲನ್ನು ಬೆರಳಿನಿಂದ ಮೇಲೆ ಕೆಳಗೆ ಅಲುಗಾಡಿಸಿ, ಟಕಟಕ ಎಂದರೆ ಲೇತ್ ಕೆಲಸ ಖಚಿತ.

ಗೋಕುಲ ರಸ್ತೆಯ ಲೇತ್‌ಗಳಲ್ಲಿ ಈ ಕೆಲಸ ಬಲ್ಲ ಕೈಗಳು ಇನ್ನೂ ಇವೆ ಎಂಬುದು ನಮ್ಮ ಊರಿನ ಭಾಗ್ಯ. ತೂತುಗಳನ್ನು ಅಗಲಿಸಿ ಹಿತ್ತಾಳೆಯ ಬುಷ್, ಅಂದರೆ ಒಳಬಳೆ, ಕೂರಿಸಬೇಕು, ಎರಡೂ ಬದಿಯ ಬುಷ್‌ಗಳನ್ನು ತೂತನ್ನು ಅಳತೆಗೆ ತರುವ ಒಂದೇ ರೀಮರಿನಿಂದ ಒಂದೇ ಎಳೆತದಲ್ಲಿ ನೇರಗೊಳಿಸಬೇಕು. ಕೂದಲಷ್ಟು ಓರೆಯಾದರೂ ಥ್ರಾಟಲ್ ತಟ್ಟೆ ಸಿಕ್ಕಿಹಾಕಿಕೊಂಡು ಆಕ್ಸಿಲರೇಟರ್ ಮರಳಿ ಬರುವುದಿಲ್ಲ. ಆ ತಟ್ಟೆಯ ಪುಟ್ಟ ಸ್ಕ್ರೂಗಳ ತುದಿಯನ್ನು ಬಡಿದು ಅಗಲಿಸಲು ಮರೆಯಬಾರದು, ಸಡಿಲವಾದ ಸ್ಕ್ರೂ ನೇರವಾಗಿ ಸಿಲಿಂಡರಿಗೇ ಬೀಳುತ್ತದೆ. ಹಾಗೆಯೇ ಪೆಟ್ರೋಲಿನ ಮಟ್ಟ ಕಾಯುವ ಹಿತ್ತಾಳೆಯ ತೇಲುಡಬ್ಬಿಯಾದ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ ನೋಡಬೇಕು. ಗುಳ್ಳೆ ಎದ್ದ ಜಾಗವೇ ತೂತು. ಒಳಗಿನ ಪೆಟ್ರೋಲು ಪೂರ್ತಿ ಆರುವ ಮುನ್ನ ಬೆಸುಗೆಗೆ ಕೈ ಹಾಕಬೇಡಿ, ಅದು ಸಿಡಿಯಬಹುದು. ಬೆಸುಗೆ ದಪ್ಪವಾದರೆ ಫ್ಲೋಟ್ ಭಾರವಾಗಿ, ಪೆಟ್ರೋಲಿನ ಮಟ್ಟ ಮೇಲೇರುತ್ತದೆ.

ಜೆಟ್ ಬದಲಿಸುವ ಪ್ರಶ್ನೆಯೇ ಇಲ್ಲವೆಂದಲ್ಲ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಮಿಶ್ರಣವನ್ನು ತೆಳುಗೊಳಿಸುತ್ತದೆ, ಅಂದರೆ ಗಾಳಿಗೆ ಬೇಕಾದಷ್ಟು ಇಂಧನ ಸಿಗುವುದಿಲ್ಲ. ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ನೀರನ್ನೂ ಹೀರುತ್ತದೆ. ಆದ್ದರಿಂದ ಪೈಪು ಮತ್ತು ಸೀಲುಗಳು ವಿಟಾನ್‌ನಂಥ ಎಥನಾಲ್ ತಡೆಯುವ ವಸ್ತುವಿನದೇ ಆಗಿರಲಿ, ವಾರಗಟ್ಟಲೆ ನಿಲ್ಲಿಸುವ ಕಾರಿನ ಫ್ಲೋಟ್ ಬಟ್ಟಲನ್ನು ಬರಿದು ಮಾಡಿಡಿ. ಇನ್ನೊಂದು ಮಾತು: ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ವಿರಳ ಗಾಳಿಯಲ್ಲಿ ಮಿಶ್ರಣ ತುಸು ದಟ್ಟವಾಗಿ, ಎಥನಾಲಿನಿಂದಾದ ಆ ಕೊರತೆ ಭಾಗಶಃ ಮುಚ್ಚಿಹೋಗುತ್ತದೆ. ಅರಬೈಲು ಘಟ್ಟ ಇಳಿದು ಕರಾವಳಿಯ ಅಂಕೋಲೆ ಮುಟ್ಟಿದ ಮೇಲೆ ಆ ಆಸರೆ ಇರುವುದಿಲ್ಲ. ನಾನು ಬುಷ್ ಹಾಕಿಸಿ, ಮೂಲ ಅಳತೆಯ ಜೆಟ್ಟನ್ನೇ ಮರಳಿ ಕೂರಿಸಿ ಅಲ್ಲಿಗೆ ಹೋಗಿ ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ತುದಿಗಳು ಬೂದು ಬಿಳುಪಿಗೆ ತಿರುಗಿದ್ದವು, ಮಿಶ್ರಣ ತೆಳುವಾದ ಗುರುತು ಅದು. ಊರಿಗೆ ಬಂದು ಮುಖ್ಯ ಜೆಟ್ಟನ್ನು ಒಂದೇ ಅಳತೆ ದೊಡ್ಡದು ಮಾಡಿದೆ, ಕೊರೆದಲ್ಲ, ಅಂಕಿ ಕೆತ್ತಿದ ಹೊಸ ಜೆಟ್ ಕೊಂಡು. ಈಗ ಪ್ಲಗ್ಗುಗಳು ತಿಳಿ ಕಂದು ಬಣ್ಣದಲ್ಲಿವೆ.